ನಲವತ್ತೇಳನೇ ನಂಬರಿನ ಪರಾಕ್ರಮ

ಬೀದರ ಜಿಲ್ಲೆಯ ಆಡಳಿತದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಅದರಲ್ಲಿ ನಾಲ್ಕು ಸೇಫ್ಟಿ ಪಿನ್ನುಗಳಿಗೆ ಒಂದು ಅಧ್ಯಾಯ ಮೀಸಲಿಡಬೇಕಾಗುತ್ತದೆ. ಬಹಮನಿ ಸುಲ್ತಾನರ ಕಾಲದಿಂದ ಇಂದಿನವರೆಗೆ ಈ ಊರಿನಿಂದ ಎಷ್ಟೋ ಹುಕುಂಗಳು ಹೊರಟಿವೆ, ಎಷ್ಟೋ ಜನ ಇದ್ದ ಊರು ಬಿಟ್ಟು ಇಲ್ಲದ ಊರಿಗೆ ಹೋಗಿದ್ದಾರೆ. ಆದರೆ ಬನಿಯನ್ನಿನ ಮೇಲೆ ನಾಲ್ಕು ಪಿನ್ನು ಚುಚ್ಚಿಸಿಕೊಂಡ ಕಾರಣಕ್ಕೆ ಒಬ್ಬ ಗುಮಾಸ್ತನ ಹಣೆಬರಹ ತಿರುಗಿದ್ದು, ಬಲ್ಲವರು ಹೇಳುವಂತೆ, ಇದೇ ಮೊದಲು.

ಗುಮಾಸ್ತನ ಹೆಸರು ಸುಶೀಲಕುಮಾರ. ಮನೆ ಬೀದರದ ಮೈಲೂರಿನಲ್ಲಿ, ನೌಕರಿ ಔರಾದದ ಒಂದು ಸರ್ಕಾರಿ ಕಚೇರಿಯಲ್ಲಿ, ನಡುವೆ ನಲವತ್ತು ಕಿಲೋಮೀಟರು. ಔರಾದಕ್ಕೆ ರೈಲಿಲ್ಲ. ಬಸ್ಸಿದೆ ಎಂದೂ ಗಟ್ಟಿಯಾಗಿ ಹೇಳುವಂತಿಲ್ಲ. ಹನ್ನೊಂದು ವರ್ಷಗಳಿಂದ ಸುಶೀಲಕುಮಾರ ಆ ಬಸ್ಸಿನ ಹಿಂದೆ ಓಡಿದ್ದಾನೆ, ಅದರ ಕಿಟಕಿಯೊಳಗೆ ಚೀಲ ಎಸೆದು ಸೀಟು ಹಿಡಿದಿದ್ದಾನೆ, ಮಳೆಗಾಲದಲ್ಲಿ ಔರಾದ ಬಸ್ ಸ್ಟ್ಯಾಂಡಿನ ಮುಂದಿನ ಕೆಸರುಗುಂಡಿ ಜಿಗಿದಿದ್ದಾನೆ, ಸೀಟು ಸಿಗದ ದಿನ ಸಂತಪುರದವರೆಗೆ ಒಂಟಿ ಕಾಲಿನಲ್ಲಿ ನಿಂತಿದ್ದಾನೆ. ಇದನ್ನೆಲ್ಲ ಅವನು ಕಷ್ಟ ಎಂದು ತಿಳಿದಿದ್ದ. ಇನ್ನೇನಾದರೂ ಇದ್ದೀತು ಎಂದು ಅವನಿಗೆ ಹೊಳೆದಿರಲಿಲ್ಲ.

ಈ ಕಷ್ಟದಿಂದ ಪಾರಾಗಲು ಅವನು ಬೀದರಕ್ಕೆ ವರ್ಗಾವಣೆ ಕೇಳಿ ಅರ್ಜಿ ಹಾಕಿದ್ದ. ಕಾರಣ, ಸೊಂಟನೋವು. ಜೊತೆಗೆ ಡಾಕ್ಟರ ಚೀಟಿ: ‘ಇವರು ಓಡುವುದು, ಜಿಗಿಯುವುದು, ಭಾರ ಎತ್ತುವುದು ಹಾಗೂ ದಿನನಿತ್ಯ ಬಸ್ಸಿನಲ್ಲಿ ಪ್ರಯಾಣ ಮಾಡುವುದು ಸಲ್ಲದು.’ ನೋವು ಸುಳ್ಳೇನಲ್ಲ. ಸೋಮವಾರದಿಂದ ಶನಿವಾರದವರೆಗೆ ನಿಜವಾಗಿಯೂ ಇರುತ್ತಿತ್ತು, ರವಿವಾರ ಮಾತ್ರ ಬಿಡುವು ಕೊಡುತ್ತಿತ್ತು. ಬೀದರದಲ್ಲಿ ಖಾಲಿ ಇದ್ದದ್ದು ಒಂದೇ ಹುದ್ದೆ, ಹಳೇ ಊರಿನ ಶಾಖಾ ಕಚೇರಿಯಲ್ಲಿ. ಅದಕ್ಕೆ ಸಹಿ ಮಾಡಬೇಕಾದವರು ಮಹಾಮಾಯಾ ಮೇಡಂ, ಇಲಾಖೆಯ ಜಿಲ್ಲಾ ಅಧಿಕಾರಿ. ಕಡತ ಅವರ ಮೇಜಿನ ಮೇಲಿತ್ತು. ಕಡತದಲ್ಲಿ ಸುಶೀಲಕುಮಾರನ ಸೊಂಟದ ಎಕ್ಸ್‌ರೇ ಇತ್ತು, ಮುಖದ ಫೋಟೋ ಇರಲಿಲ್ಲ.

ಆ ಗುರುವಾರ ಅವನು ರಜೆ ಹಾಕಿ ಮೇಡಂ ಅವರನ್ನು ಕಂಡು ಕೈಮುಗಿದು ಬರೋಣವೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಕಚೇರಿಯ ಬಾಗಿಲಲ್ಲಿ ಜವಾನ ಉಸ್ಮಾನ ಮಿಯಾ ಬೀಗದ ಕೈ ತಿರುಗಿಸುತ್ತ ಕೂತಿದ್ದ.

“ಮೇಡಂ ಇಲ್ರಿ. ಸ್ಟೇಡಿಯಮ್‌ಗಿ ಹೋಗ್ಯಾರ. ಇವತ್ತ ನೌಕರರ ಆಟ ಅವಲ್ಲ, ಅವರೇ ಮುಖ್ಯ ಅತಿಥಿ. ಇಡೀ ಆಫೀಸೇ ಹೋಗ್ಯದ. ನಾ ಒಬ್ಬ ಉಳದೀನಿ, ನನಗ ಮೊಳಕಾಲ ನೋವದ.”

ಸುಶೀಲಕುಮಾರ ಮೆಟ್ಟಿಲಿಳಿಯುತ್ತಿದ್ದಂತೆ ಫೋನು ಬಂತು. ಔರಾದದಲ್ಲಿ ಅವನ ಪಕ್ಕದ ಕುರ್ಚಿಯ ಆತೀಫ. ಆತೀಫನ ಮನೆ ಕಚೇರಿಯ ಹಿಂದಿನ ಗಲ್ಲಿಯಲ್ಲೇ. ಮಧ್ಯಾಹ್ನ ಮನೆಗೆ ಹೋಗಿ ಉಂಡು, ಒಂದು ನಿದ್ದೆ ತೆಗೆದು, ಚಹಾ ಕುಡಿದು ಬಂದರೂ ಊಟದ ವೇಳೆ ಮುಗಿದಿರುತ್ತಿರಲಿಲ್ಲ. ಜಗತ್ತಿನಲ್ಲಿ ಅವನಷ್ಟು ಸುಖಿಯಾದ ನೌಕರ ಇನ್ನೊಬ್ಬನಿಲ್ಲವೆಂದು ಸುಶೀಲಕುಮಾರ ದಿನಾ ಅಂದುಕೊಳ್ಳುತ್ತಿದ್ದ.

“ಸುಶೀಲ ಭಾಯಿ, ಬೀದರದಾಗ ಇದ್ದೀರಲ್ಲ? ಒಂದು ಕೆಲಸ ಆಗಬೇಕು. ಸ್ಟೇಡಿಯಮ್‌ಗಿ ಹೋಗಿ ನನ್ನ ನಂಬರ್ ಹಚ್ಚಿಕೊಂಡು ನಿಂತ್ಕೊಳ್ರಿ.”

“ಎಲ್ಲಿ ನಿಂತ್ಕೊಳ್ಲಿ?”

“ಗೆರಿ ಮ್ಯಾಲ. ನಮ್ಮ ಸೂಪರಿಂಟೆಂಡೆಂಟ್ ನನ್ನ ಹೆಸರು ಆಟಕ್ಕ ಕೊಟ್ಟಾರ. ನಾ ಇಲ್ಲಿ ಭಾಲ್ಕ್ಯಾಗ ಇದ್ದೀನಿ, ಮಾಮಾನ ಮಗನ ಮದಿವಿ ವಲೀಮಾ. ಈಗ ಖಾನಾ ಹಚ್ಚಲತ್ತಾರ. ಗೆರಿ ಮ್ಯಾಲ ನಿಂತವರಿಗೆ ಓಓಡಿ ಸರ್ಟಿಫಿಕೇಟ್ ಕೊಡ್ತಾರ. ನೀವು ಓಡೋದು ಬ್ಯಾಡ, ನಿಂತ್ರ ಸಾಕು.”

ಓಓಡಿ ಎಂಬುದು ನೌಕರನು ಕಚೇರಿಗೆ ಬರದಿದ್ದರೂ ಬಂದಂತೆ ಎಂದು ಸರ್ಕಾರವೇ ಒಪ್ಪಿಕೊಳ್ಳುವ ದಿವ್ಯ ಸ್ಥಿತಿ. ಅದಕ್ಕಾಗಿ ನೌಕರರು ಏನು ಬೇಕಾದರೂ ಮಾಡುತ್ತಾರೆ, ಆಟವನ್ನೂ ಆಡುತ್ತಾರೆ. ಸುಶೀಲಕುಮಾರ ಆಗುವುದಿಲ್ಲ ಎನ್ನಬೇಕೆಂದಿದ್ದ. ಆದರೆ ಬಸ್ಸು ತಡವಾದ ದಿನಗಳಲ್ಲೆಲ್ಲ ಸಾಹೇಬರ ಮುಂದೆ ನಿಂತು, “ಇಷ್ಟೊತ್ತು ಇಲ್ಲೇ ಇದ್ರು ಸರ್, ಈಗ ಚಹಾಕ್ಕ ಹೋಗ್ಯಾರ” ಎಂದು ಹನ್ನೊಂದು ವರ್ಷ ತನ್ನ ಪರವಾಗಿ ಸುಳ್ಳು ಹೇಳಿದ ಬಾಯಿ ಆತೀಫನದು. ಆ ಬಾಯಿಗೆ ಇಲ್ಲ ಎನ್ನಲಾಗಲಿಲ್ಲ. ಹೇಗಿದ್ದರೂ ಮೇಡಂ ಇರುವುದೂ ಅಲ್ಲಿಯೇ.

ಸ್ಟೇಡಿಯಮ್ಮಿನ ಬಾಗಿಲಲ್ಲೇ ಅವರ ಕಚೇರಿಯ ಸೂಪರಿಂಟೆಂಡೆಂಟ್ ನರಸಿಂಗ ಅವರು ಕೈಯಲ್ಲಿ ಒಂದು ಬಟ್ಟೆಯ ತುಂಡು, ಬಾಯಲ್ಲಿ ನಾಲ್ಕು ಪಿನ್ನು ಹಿಡಿದು ನಿಂತಿದ್ದರು. ಬಟ್ಟೆಯ ಮೇಲೆ 47 ಎಂದು ಬರೆದಿತ್ತು. ಯಾರು ಬಂದರೂ ಚುಚ್ಚಿಬಿಡುವ ಆತುರ ಅವರ ಮುಖದಲ್ಲಿತ್ತು.

“ಆತೀಫ ಫೋನ್ ಮಾಡಿದ್ದ. ಅಂಗಿ ತೆಗಿ.”

“ಸರ್, ನಾ ಆತೀಫ ಅಲ್ಲಲ್ರಿ. ಯಾರರೆ ನೋಡಿದ್ರ—”

“ಏ ಸುಶೀಲಾ, ಆತೀಫ ಬಂದಾನೋ ಇಲ್ಲೋ ಅನ್ನೋದು ಮುಖ್ಯ ಅಲ್ಲ. ನಲವತ್ತೇಳು ಬಂದದೋ ಇಲ್ಲೋ ಅನ್ನೋದು ಮುಖ್ಯ. ಹೋದ ವರ್ಷ ನಮ್ಮ ಆಫೀಸಿನಿಂದ ಒಬ್ಬರೂ ಬಂದಿಲ್ಲಂತ ಮೆಮೊ ಬಂದಿತ್ತು. ಅದಕ್ಕ ಈ ಸಲ ಫಾರ್ಮಿನಾಗ ಎಷ್ಟು ಖಾನಿ ಇದ್ದವೋ ಎಲ್ಲಾದಕ್ಕೂ ಟಿಕ್ ಹಾಕೀನಿ.”

“ಎಷ್ಟು ಇದ್ದವ್ರಿ?”

“ಐದು.”

ನೂರು ಮೀಟರ್ ಓಟ, ಗುಂಡು ಎಸೆತ, ಉದ್ದ ಜಿಗಿತ, ಭರ್ಜಿ ಎಸೆತ, ಎಂಟುನೂರು ಮೀಟರ್ ಓಟ. ಐದಕ್ಕೂ ಗೆರೆ ಮುಟ್ಟಬೇಕು. ಒಂದು ತಪ್ಪಿದರೂ ಸರ್ಟಿಫಿಕೇಟಿಲ್ಲ ಎಂದು ಕಟ್ಟುನಿಟ್ಟು ಮಾಡಿದ್ದವರು ಫಕ್ರೋದ್ದೀನ ಮಾಸ್ತರು. ನಿವೃತ್ತರಾಗಿ ಹದಿನೈದು ವರ್ಷವಾದರೂ ಕೊರಳಿನ ಸೀಟಿ ಇಳಿಸದ ಡ್ರಿಲ್ ಮಾಸ್ತರು. ಅವರು ನಲವತ್ತೇಳನ್ನು ಪಟ್ಟಿಯಲ್ಲಿ ನೋಡಿದವರೇ ಕನ್ನಡಕ ಹಣೆಗೇರಿಸಿದರು.

“ಔರಾದದ ಆತೀಫ? ಹಬೀಬ ಪೈಲ್ವಾನನ ಮೊಮ್ಮಗನಾ ನೀನು?”

“ಹೌ,” ಎಂದ ಸುಶೀಲಕುಮಾರ. ಇದಕ್ಕಿಂತ ಉದ್ದದ ದಖನಿ ಉರ್ದು ಅವನಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

“ನಿಮ್ಮಜ್ಜ ಈ ಮಣ್ಣಿನಾಗ ಆರು ಮಂದಿನ್ನ ಒಂದೇ ಸಂಜಿ ಚಿತ್ ಮಾಡ್ಯಾನ! ಮೂಗು ಅವನದೇ ಬಂದದ ನೋಡು, ಹೂಬಹೂ!” ಎಂದು ಮಾಸ್ತರು ಅವನ ಮೂಗನ್ನು ಪ್ರೀತಿಯಿಂದ ನೋಡಿದರು. ಆ ಮೂಗು ಮೈಲೂರಿನ ಅಂಜನಾಬಾಯಿಯದು. ಸುಶೀಲಕುಮಾರನ ತಾಯಿಯದು.

ನೂರು ಮೀಟರಿಗೆ ಎಂಟು ಜನ ಗೆರೆಯ ಮೇಲೆ ನಿಂತರು. ಅವರಲ್ಲಿ ಆರು ಮಂದಿ ಓಓಡಿಯವರೇ. ಒಬ್ಬರು ಪ್ಯಾಂಟಿನ ಜೇಬಿನಲ್ಲಿ ಕೈ ಹಾಕಿಕೊಂಡೇ ನಿಂತಿದ್ದರು. ನಿಜವಾದ ಓಟಗಾರನೆಂದರೆ ಕಮಠಾಣದ ಗ್ರಾಮ ಲೆಕ್ಕಿಗ ಫೈಜಲ ಒಬ್ಬನೇ. ಕೇಸರಿ ಬೂಟು, ಕರೀ ಚಡ್ಡಿ, ಹಣೆಗೊಂದು ಪಟ್ಟಿ. ಮೂರು ವರ್ಷದಿಂದ ಚಾಂಪಿಯನ್. ಅವನು ಕಾಲು ಝಾಡಿಸುವುದನ್ನು ನೋಡಿಯೇ ಉಳಿದವರಿಗೆ ದಣಿವಾಗುತ್ತಿತ್ತು.

ಮಾಸ್ತರು ಸೀಟಿ ಬಾಯಿಗಿಟ್ಟರು. ಅಷ್ಟರಲ್ಲಿ ವೇದಿಕೆಯಿಂದ ಮಹಾಮಾಯಾ ಮೇಡಂ ಇಳಿದು, ಫೋಟೋದವನೊಂದಿಗೆ ನೇರ ಗೆರೆಯ ಕಡೆಗೇ ಬಂದರು. ಆಟಗಾರರ ಕೈಕುಲುಕಿ ಹೆಸರು ಕೇಳಿ ಶುಭ ಹಾರೈಸುವುದು ಅವರ ಪದ್ಧತಿ. ಫೈಜಲ ಸಮೇತ ಏಳೂ ಜನ ಎದೆಯುಬ್ಬಿಸಿ ಕ್ಯಾಮೆರಾದ ಕಡೆ ತಿರುಗಿದರು. ಎಂಟನೆಯವನಿಗೆ ಮಾತ್ರ ಕಂಡದ್ದು ತನ್ನ ಕಡತ, ಎಕ್ಸ್‌ರೇ, ಡಾಕ್ಟರ ಚೀಟಿ ಮೂರೂ ಸೀರೆಯುಟ್ಟು ನಡೆದು ಬಂದಂತೆ. ಇನ್ನು ನಾಲ್ಕು ಹೆಜ್ಜೆ. ಆಗ ಮಾಸ್ತರು, ಯಾರು ಬಂದರೂ ವೇಳೆ ತಪ್ಪದ ಮನುಷ್ಯ, ಸೀಟಿ ಊದಿಬಿಟ್ಟರು.

ಸುಶೀಲಕುಮಾರ ಓಡಿದ. ಸಾಲ ತೀರಿಸದವನು ಬಡ್ಡಿಯ ಪಠಾಣನನ್ನು ಕಂಡು ಓಡಿದಂತೆ ಓಡಿದ. ಉಳಿದವರು “ಅಯ್ಯ!” ಎಂದು ತಿರುಗುವಷ್ಟರಲ್ಲಿ ಅವನು ಆ ತುದಿಯ ಹಗ್ಗ ಹರಿದುಕೊಂಡು, ಇನ್ನೂ ಐವತ್ತು ಮೀಟರು ಹೆಚ್ಚಿಗೆ ಓಡಿ, ನೀರಿನ ಟ್ಯಾಂಕಿನ ಹಿಂದೆ ಅಡಗಿ ನಿಂತಿದ್ದ.

“ನಲವತ್ತೇಳು, ಆತೀಫ, ಔರಾದ, ಪ್ರಥಮ!” ಎಂದಿತು ಮೈಕು.

ಟ್ಯಾಂಕಿನ ಹಿಂದೆ ಒಂದು ಟೇಬಲ್ಲು, ಟೇಬಲ್ಲಿನ ಮೇಲೆ ಹತ್ತಿ, ಅಯೋಡಿನ್ನು, ಗ್ಲುಕೋಸು. ಟೇಬಲ್ಲಿನ ಹಿಂದೆ ಶೇವಂತಾಬಾಯಿ. ಅವರು ನರ್ಸು, ಮೈಲೂರಿನಲ್ಲಿ ಸುಶೀಲಕುಮಾರನ ಗೋಡೆಗೆ ಗೋಡೆ ಹತ್ತಿದ ನೆರೆಯವರು. ಕಳೆದ ಮೂರು ತಿಂಗಳಿಂದ ಅವನ ಸೊಂಟಕ್ಕೆ ಯಾವ ಎಣ್ಣೆ ಹಚ್ಚಬೇಕೆಂದು ಕಾಂಪೌಂಡಿನ ಮೇಲಿಂದ ಅವನ ಹೆಂಡತಿಗೆ ಹೇಳುತ್ತ ಬಂದವರು.

“ಅಯ್ಯಯ್ಯ, ಸುಶೀಲಪ್ಪಾ! ನಿನ್ನ ಸೊಂಟಾ!”

“ಅಕ್ಕಾ, ಮೆಲ್ಲಕ. ನಾ ಇವತ್ತ ಸುಶೀಲ ಅಲ್ಲ.”

“ಅಂದ್ರ?”

“ಸಂಜಿತನಕ ಆತೀಫ.”

ಶೇವಂತಾಬಾಯಿ ಅವನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ವಿಷಯವೆಲ್ಲ ಕೇಳಿ, “ಹಂಗಿದ್ರ ಮೊದಲೇ ಹೇಳಬೇಕಿಲ್ಲ? ನಾ ಯಾರಿಗೂ ಹೇಳಲ್ಲ ತಗೋ” ಎಂದರು. ಶೇವಂತಾಬಾಯಿ ಯಾರಿಗೂ ಹೇಳದ ಸಂಗತಿಗಳು ಮೈಲೂರಿನಲ್ಲಿ ಎಲ್ಲರಿಗೂ ಗೊತ್ತಿರುತ್ತಿದ್ದವು.

ನರಸಿಂಗ ಅವರು ಓಡೋಡಿ ಬಂದರು. ಅವರ ಕಣ್ಣಲ್ಲಿ ಹಿಂದೆಂದೂ ಕಾಣದ ಬೆಳಕಿತ್ತು. “ಸುಶೀಲಾ, ನಮ್ಮ ಆಫೀಸಿಗಿ ಇಲ್ಲಿತನಕ ಬರೀ ನೋಟೀಸು ಬಂದಾವ. ಕಪ್ಪು ಬಂದಿಲ್ಲ. ನಡಿ, ಗುಂಡು!”

“ಸರ್, ನಿಂತ್ರ ಸಾಕಂತ ಆತೀಫ ಅಂದಿದ್ದ.”

“ಗುಂಡು ಹಿಡಕೊಂಡು ಎಷ್ಟೊತ್ತು ನಿಂತಿ? ಎಸಿ, ಹಗುರ ಆಗ್ತದ.”

ಗುಂಡು ಏಳು ಕಿಲೋ ಚಿಲ್ಲರೆ. ಸುಶೀಲಕುಮಾರ ಅದನ್ನು ಕಾಲ ಬಳಿ ಮೆಲ್ಲನೆ ಇಳಿಸಿ ಬಿಡಬೇಕೆಂದೇ ವೃತ್ತಕ್ಕೆ ಇಳಿದ. ಆದರೆ ಎದುರಿಗೆ ಅಳತೆಯ ಟೇಪು ಹಿಡಿದವರು ಒಂದು ದೊಡ್ಡ ಗುಂಪಾಗಿ ನಿಂತು ತಳ್ಳಾಡುತ್ತಿದ್ದರು. ಗುಂಪು, ತಳ್ಳಾಟ, ಕೈಯಲ್ಲಿ ಭಾರ. ಹನ್ನೊಂದು ವರ್ಷದ ಅಭ್ಯಾಸ ಅವನನ್ನು ಕೇಳದೆಯೇ ಎದ್ದು ನಿಂತಿತು. ಔರಾದ ಬಸ್ಸಿನ ಮೂರನೆಯ ಕಿಟಕಿ ಕಣ್ಣಮುಂದೆ ತೆರೆಯಿತು. ಡಬ್ಬಿ, ಬಾಟ್ಲಿ, ಕೊಡೆ, ಕಡತಗಳಿದ್ದ ಚೀಲವನ್ನು ಹದಿನೈದು ತಲೆಗಳ ಮೇಲಿಂದ ಸೀಟಿಗೆ ಮುಟ್ಟಿಸುವ ಆ ಭುಜದ ತಿರುವು, ಆ ಹೂಂಕಾರ! “ಸೀಟ್ ಹಿಡದೀನಿ!” ಎಂದು ಕೂಗಿಯೇ ಎಸೆದ. ಟೇಪಿನವರು ಚದುರಿ ಓಡಿದರು. ಗುಂಡು ಅವರು ನಿಂತಿದ್ದ ಜಾಗದಲ್ಲೇ ಬಿದ್ದು ಹೂತುಕೊಂಡಿತು.

“ಹಬೀಬ ಪೈಲ್ವಾನನ ರಕ್ತ!” ಎಂದು ಮಾಸ್ತರು ಕಣ್ಣೊರೆಸಿಕೊಂಡರು. ಪ್ರಥಮ.

ಉದ್ದ ಜಿಗಿತದ ಮರಳಗುಂಡಿಗೆ ಯಾರೋ ನೀರು ಹೆಚ್ಚು ಹಾಕಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟಿದ್ದ ಸುಶೀಲಕುಮಾರನಿಗೆ ಕೆಸರು ಕಂಡದ್ದೇ ತಡ, ಅದನ್ನು ದಾಟುವುದೊಂದೇ ದಾರಿ ಎನಿಸಿತು. ಪೂರ್ತಿ ದಾಟಲಾಗಲಿಲ್ಲ. ಆದರೆ ದಾಟಲೆಂದು ಜಿಗಿದವನು ಅವನೊಬ್ಬನೇ. ಉಳಿದವರೆಲ್ಲ ಬೀಳಲೆಂದು ಜಿಗಿದಿದ್ದರು. ಪ್ರಥಮ. ಭರ್ಜಿ ಎಸೆತದಲ್ಲಿ ತೃತೀಯ. ಸ್ಪರ್ಧಿಗಳು ಮೂವರು.

ಇಷ್ಟರಲ್ಲಿ ಒಂದು ವಿಚಿತ್ರ ಘಟಿಸಿತ್ತು. ಸುಶೀಲಕುಮಾರನಿಗೆ ಖುಷಿಯಾಗತೊಡಗಿತ್ತು. ಮೂವತ್ತೆಂಟು ವರ್ಷಗಳಲ್ಲಿ ಅವನ ಹೆಸರನ್ನು ಯಾರೂ ಮೈಕಿನಲ್ಲಿ ಕೂಗಿರಲಿಲ್ಲ. ಈಗಲೂ ಕೂಗುತ್ತಿರಲಿಲ್ಲ, ಆದರೆ ಕೂಗಿದಾಗ ತಿರುಗಿ ನೋಡುತ್ತಿದ್ದವನು ಅವನೇ. “ಆತೀಫ! ಆತೀಫ!” ಎಂದು ಅಂಗನವಾಡಿಯ ಹೆಣ್ಣುಮಕ್ಕಳು ಒಂದು ಕಡೆ, ಬಸ್ ಡಿಪೋದವರು ಒಂದು ಕಡೆ ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಶೇವಂತಾಬಾಯಿ, “ಓಡು ಸುಶೀ... ಆತೀಫಪ್ಪಾ!” ಎನ್ನುತ್ತಿದ್ದರು. ಪಕ್ಕದಲ್ಲಿದ್ದವರು ‘ಇದೇನು ಹೆಸರು’ ಎಂದು ನೋಡಿದರೆ, “ಮನ್ಯಾಗ ಕರಿಯೋ ಹೆಸರದು” ಎಂದು ತಾವಾಗಿಯೇ ಹೇಳುತ್ತಿದ್ದರು. ಇಡೀ ಹಗಲು ಸೊಂಟ ಒಂದು ಮಾತೂ ಆಡಿರಲಿಲ್ಲ.

ಉಳಿದದ್ದು ಎಂಟುನೂರು ಮೀಟರು. ಗೆದ್ದವರಿಗೆ ವೈಯಕ್ತಿಕ ಚಾಂಪಿಯನ್ ಪಟ್ಟ. ಫೈಜಲ ಈ ಸಲ ಕ್ಯಾಮೆರಾದ ಕಡೆ ಬೆನ್ನು ಮಾಡಿ ನಿಂತಿದ್ದ. ಪಕ್ಕಕ್ಕೆ ಬಾಗಿ, “ಆತೀಫ ಭಾಯಿ, ನಿಮ್ಮ ಕೋಚ್ ಯಾರ್ರಿ?” ಎಂದ.

“ಕೆ.ಕೆ.ಆರ್.ಟಿ.ಸಿ. ಅಂತ ಒಬ್ಬರು ಅದಾರ,” ಎಂದ ಸುಶೀಲಕುಮಾರ. “ಕೈ ಮಾಡಿದ್ರೂ ನಿಲ್ಲಲ್ಲ ಅವರು.”

ಮೊದಲ ಸುತ್ತಿನಲ್ಲಿ ಫೈಜಲ ಬಹಳ ಮುಂದಿದ್ದ. ಸುಶೀಲಕುಮಾರ ಅವನ ಕೆಂಪು ಬನಿಯನ್ನಿನ ಬೆನ್ನನ್ನೇ ನೋಡುತ್ತ ಓಡಿದ. ನೋಡುತ್ತ ನೋಡುತ್ತ ಆ ಬೆನ್ನು ಅಗಲವಾಗಿ, ಚೌಕವಾಗಿ, ಮೇಲೊಂದು ಬೋರ್ಡು ಹತ್ತಿ, ಬಲಕ್ಕೆ ವಾಲಿಕೊಂಡು ಹೋಗುವ ಬೆಳಗಿನ ಏಳೂವರೆಯ ಬಸ್ಸಾಯಿತು. ಇದು ತಪ್ಪಿದರೆ ಮುಂದಿನದು ಒಂಬತ್ತಕ್ಕೆ! “ಹೋಲ್ಡಾನ್! ಹೋಲ್ಡಾನ್!” ಎಂದು ಕಿರುಚುತ್ತ ಅವನು ಕೊನೆಯ ತಿರುವಿನಲ್ಲಿ ನುಗ್ಗಿ, ರೂಢಿಯಂತೆ ಎಡಗೈಯಿಂದ ಬಸ್ಸಿನ ಬದಿಗೆ ಎರಡು ಏಟು ಹೊಡೆದ. ಬೆನ್ನಿಗೆ ಏಟು ಬಿದ್ದ ಫೈಜಲ ಯಾರು ಎಂದು ತಿರುಗಿ ನೋಡಿದ. ಅಷ್ಟು ಸಾಕಾಯಿತು.

ಫೈಜಲ ದೂರು ಕೊಡಲಿಲ್ಲ. “ಶಾಬಾಶಿ ಕೊಟ್ಟು ಮುಂದ ಹೋದರ ಅಂತ ತಿಳದೆ. ಇಂಥ ಸಜ್ಜನ ಮನುಷ್ಯನ್ನ ನಾ ನೋಡಿಲ್ಲ” ಎಂದು ಎಲ್ಲರ ಮುಂದೆ ಹೇಳಿ ಅವನನ್ನು ಅಪ್ಪಿಕೊಂಡ.

ಸಂಜೆ ಬಹುಮಾನ. ನರಸಿಂಗ ಅವರು ಚಾಂಪಿಯನ್ನನ್ನು ವೇದಿಕೆಗೆ ಹೆಚ್ಚು ಕಡಿಮೆ ಎತ್ತಿಕೊಂಡೇ ಹೋದರು. ಮಹಾಮಾಯಾ ಮೇಡಂ ಒಂದು ಮೊಳದ ಕಪ್ಪನ್ನು ಅವನ ಕೈಗಿಟ್ಟು, ಮೈಕು ಬಾಯಿಗೆ ಹಿಡಿದರು.

“ಔರಾದದಾಗ ಆಟದ ಮೈದಾನ ಅದಾ ಏನ್ರಿ ಆತೀಫ?”

“ಇಲ್ರಿ ಮೇಡಂ.”

“ಮತ್ತ ಪ್ರಾಕ್ಟೀಸ್ ಎಲ್ಲಿ ಮಾಡ್ತೀರಿ?”

“ಬಸ್ ಸ್ಟ್ಯಾಂಡಿನಾಗ್ರಿ.”

ಜನ ನಕ್ಕರು. ಮೇಡಂ ನಗಲಿಲ್ಲ, ಅದನ್ನು ಅವರು ಬಡತನವೆಂದು ತಿಳಿದರು. ಅವರ ದನಿ ಮೃದುವಾಯಿತು. “ಇಲಾಖೆ ನಿಮಗ ಏನು ಮಾಡಬೇಕು? ಸಂಕೋಚ ಬ್ಯಾಡ, ಕೇಳ್ರಿ.”

ಸುಶೀಲಕುಮಾರನ ಬಾಯಿ ತೆರೆಯಿತು. ಬೀದರ ಎಂಬ ಮೂರಕ್ಷರ ನಾಲಿಗೆಯ ತುದಿಗೆ ಬಂತು. ಆಗ ಎದೆಯ ಮೇಲಿನ ನಂಬರು ನೆನಪಾಗಿ ಬಾಯಿ ಮುಚ್ಚಿತು. ಹನ್ನೊಂದು ವರ್ಷ ಕಾದ ವರ ಎದುರಿಗೆ ನಿಂತಿದೆ, ಕೇಳುವವನು ಮಾತ್ರ ತಾನಲ್ಲ. ಮರುಗಳಿಗೆ ಅವನ ತಲೆಯಲ್ಲಿ ಒಂದು ಮಿಂಚು ಹೊಡೆಯಿತು. ಅಂಥ ಬುದ್ಧಿ ಅವನಿಗೆ ಹಿಂದೆ ಬಂದಿರಲಿಲ್ಲ.

“ನನಗೇನೂ ಬ್ಯಾಡ್ರಿ ಮೇಡಂ,” ಎಂದ. “ನಮ್ಮ ಆಫೀಸಿನಾಗ ಸುಶೀಲಕುಮಾರ ಅಂತ ಒಬ್ಬರು ಅದಾರ್ರಿ. ದೇವರಂಥ ಮನುಷ್ಯ. ಭಾಳ ಶಾಣ್ಯಾ. ದಿನಾ ಬೀದರದಿಂದ ಬಸ್ಸಿನಾಗ ಬರ್ತಾರ, ಸೊಂಟ ಪೂರಾ ಹೋಗ್ಯದ. ಅವರ ಸಂಕಟ ಕಣ್ಣಿಲೆ ನೋಡಲಾಕ ಆಗಲ್ರಿ. ಅವರಿಗೊಂದು ದಾರಿ ಮಾಡ್ರಿ, ನನಗ ಅದೇ ಕಪ್ಪು.”

ಫಕ್ರೋದ್ದೀನ ಮಾಸ್ತರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಶೇವಂತಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದವರಿಗೆ, “ತನ್ನ ಬಗ್ಗೆ ತಾನೇ... ಅಲ್ಲ, ಮಂದಿ ಬಗ್ಗೆ ಇಷ್ಟು ಚಂದ ಯಾರ್ ಹೇಳ್ತಾರವ್ವ!” ಎಂದರು.

ಅದೇ ವೇಳೆಗೆ ಭಾಲ್ಕಿಯಿಂದ ನಿಜವಾದ ಆತೀಫ ಬಂದು ಜನರ ಹಿಂದೆ ನಿಂತ. ಊರು ಬಿಟ್ಟು ಬಂದದ್ದೇ ಬಂದಿದ್ದೇನೆ, ಸರ್ಟಿಫಿಕೇಟು ತೆಗೆದುಕೊಂಡೇ ಔರಾದದ ಬಸ್ಸು ಹತ್ತೋಣವೆಂದು ಬಂದವನು. ವಲೀಮಾದ ಊಟ ಕೊರಳಿನವರೆಗೆ ಇತ್ತು. ಮೈಕಿನಲ್ಲಿ ತನ್ನ ಹೆಸರು ಕೇಳಿ ಅವನು ಹಲ್ಲುಕಡ್ಡಿ ತೆಗೆದ.

ಮೇಡಂ ಮಾತಾಡುತ್ತಿದ್ದರು. “ಇಪ್ಪತ್ತೆರಡು ವರ್ಷದ ಸರ್ವಿಸಿನಾಗ ತನ್ನ ಸಲುವಾಗಿ ಕೇಳದ ನೌಕರನ್ನ ಇವತ್ತ ಮೊದಲ ಸಲ ನೋಡೀನಿ. ಸುಶೀಲಕುಮಾರರ ಕಡತ ನನ್ನ ಮೇಜಿನ ಮ್ಯಾಲೇ ಅದ. ಡಾಕ್ಟರು ಸ್ವಚ್ಛ ಬರದಾರ, ಅವರು ಬಸ್ ಹತ್ತಲೇಬಾರದು. ಅಂದ ಮ್ಯಾಲ ಅವರು ದಿನಾ ಓಡಾಡೋದು ಬ್ಯಾಡ. ಔರಾದದ ಆಫೀಸಿನ ಹಿಂದ ಒಂದು ಕ್ವಾರ್ಟರ್ಸ್ ಖಾಲಿ ಅದ. ಇವತ್ತೇ ಅವರ ಹೆಸರಿಗೆ ಮಾಡ್ತೇನಿ. ಅಲ್ಲೇ ಇರಲಿ, ಹಾಯಾಗಿ ಇರಲಿ.”

ಚಪ್ಪಾಳೆ ಬಿತ್ತು. ಸುಶೀಲಕುಮಾರ ಕಪ್ಪನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಮೇಡಂ, ಅವರ ಮನಿ ಬೀದರದಾಗ—”

“ನೋಡ್ರಿ, ಇನ್ನೂ ಗೆಳೆಯನ ಚಿಂತಿ! ಇನ್ನ ಬೀದರದಾಗ ಇದ್ದ ಒಂದು ಹುದ್ದೆ. ಇಂಥ ಆಟಗಾರ ಮೈದಾನ ಇಲ್ಲದ ಊರಾಗ ಬಸ್ ಸ್ಟ್ಯಾಂಡಿನಾಗ ಓಡಬೇಕಾ? ಆ ಹುದ್ದೆ ಆತೀಫರಿಗೆ! ಸೋಮವಾರದಿಂದ ನೀವು ಬೀದರದವರು!”

ಜನರ ಹಿಂದಿನಿಂದ “ನಕ್ಕೋ! ನಕ್ಕೋ! ಬ್ಯಾಡ್ರಿ!” ಎಂದು ಯಾರೋ ಎದೆ ಬಿರಿಯುವಂತೆ ಕೂಗಿದರು. ಚಪ್ಪಾಳೆಯಲ್ಲಿ ಅದು ಕೇಳಿಸಲಿಲ್ಲ. ನರಸಿಂಗ ಅವರಿಗೆ ಮಾತ್ರ ಕೇಳಿಸಿತು. ಅವರು ವೇದಿಕೆಯಿಂದಿಳಿದು ಹೋಗಿ ಆತೀಫನ ಬಾಯಿಗೆ ಕೈ ಅಡ್ಡ ಹಿಡಿದರು.

“ಬಾಯಿ ತೆಗದ್ರ ಮೂರೂ ಮಂದಿ ಸಸ್ಪೆಂಡ್,” ಎಂದು ಕಿವಿಯಲ್ಲಿ ಹೇಳಿದರು. “ನೀ ಓಡಿಲ್ಲ, ಅವ ನಿಂತಿಲ್ಲ, ನಾ ನೋಡಿಲ್ಲ. ಸರ್ಟಿಫಿಕೇಟ್ ತಗೋ, ಸುಮ್ಮ ನಡಿ.”

“ಸರ್, ನಮ್ಮ ಅಮ್ಮಿ, ಮನಿ, ದೋಪಹರದ ನಿದ್ದಿ, ಎಲ್ಲಾ ಔರಾದದಾಗ ಅವಲ್ರಿ!”

“ನಿಂತ್ರ ಸಾಕಂತ ಹೇಳಿದವ ನೀನೇ.”

“ನಿಂತ್ರ ಸಾಕಂದಿದ್ದೆ, ಗೆಲ್ಲಂತ ಯಾರ್ ಹೇಳಿದ್ರು ಇವರಿಗಿ!” ಎಂದು ಆತೀಫ ವೇದಿಕೆಯ ಮೇಲಿದ್ದ ತನ್ನನ್ನೇ ನೋಡುತ್ತ ಅಂದ.

ಶನಿವಾರ ಎರಡು ಆದೇಶಗಳು ಬಂದವು. ಆತೀಫ ಈಗ ದಿನಾ ಬೆಳಿಗ್ಗೆ ಔರಾದದಿಂದ ಬೀದರಕ್ಕೆ ಬಸ್ಸಿನಲ್ಲಿ ಹೋಗುತ್ತಾನೆ. ಒಂದು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದ್ದಾನೆ, ಮೂರನೆಯ ಕಿಟಕಿಗೆ ಚೀಲ ಮುಟ್ಟಿಸಲು ಕಲಿತಿದ್ದಾನೆ. ಸುಶೀಲಕುಮಾರನ ಆದೇಶದಲ್ಲಿ, ‘ಸದರಿ ನೌಕರರು ಆರೋಗ್ಯದ ಹಿತದೃಷ್ಟಿಯಿಂದ ವಾರದ ಆರು ದಿನ ಕೇಂದ್ರಸ್ಥಾನ ಬಿಡತಕ್ಕದ್ದಲ್ಲ’ ಎಂದಿದೆ. ಅವನ ಹೆಂಡತಿ ಮೈಲೂರಿನಲ್ಲಿ, ಅವನು ಔರಾದದ ಕ್ವಾರ್ಟರ್ಸಿನಲ್ಲಿ. ಊಟ ಆತೀಫನ ತಾಯಿ ಮುನವ್ವರ ಬೇಗಂ ಕಳಿಸುತ್ತಾರೆ. ಉಂಡು, ಒಂದು ನಿದ್ದೆ ತೆಗೆದು, ಚಹಾ ಕುಡಿದು ಬಂದರೂ ವೇಳೆ ಉಳಿಯುತ್ತದೆ.

ಬಸ್ಸು ಹತ್ತದೆ ಇರುವುದರಿಂದ ಸೊಂಟನೋವು ಪೂರ್ತಿ ವಾಸಿಯಾಗಿದೆ. ಹಾಗಾಗಿ ವರ್ಗಾವಣೆ ಕೇಳಲು ಅವನ ಬಳಿ ಈಗ ಕಾರಣವಿಲ್ಲ.